ತಣಿಯುವಾಗಿನ ಗೆರೆ

ನಮ್ಮ ಪ್ರಯೋಗಾಲಯದಲ್ಲಿ ರಾತ್ರಿ ಗಂಡಸರದು, ಹಗಲು ಹೆಂಗಸರದು. ಹೀಗೆಂದು ಯಾರೂ ಬರೆದು ಗೋಡೆಗೆ ಹಚ್ಚಿರಲಿಲ್ಲ. ಹೆಣ್ಣುಮಕ್ಕಳು ಸಂಜೆ ಆರಕ್ಕೆ ಕಟ್ಟಡದಿಂದ ಹೊರಗಿರಬೇಕು ಎಂಬ ಒಂದು ನಿಯಮವಿತ್ತು. ಉಳಿದದ್ದು ಅದರ ಹಿಂದೆ ತಾನಾಗಿ ಬಂತು. ಇದ್ದದ್ದು ಒಂದೇ ಫರ್ನೇಸು. ರಾತ್ರಿ ವೋಲ್ಟೇಜು ಕುಣಿಯುವುದಿಲ್ಲ, ಪಕ್ಕದ ಕೋಣೆಯ ಯಂತ್ರಗಳು ಬಂದಾಗಿರುತ್ತವೆ, ಅಳತೆ ನಿಧಾನವಾಗಿ ಚೊಕ್ಕವಾಗಿ ಆಗುತ್ತದೆ. ಹಗಲನ್ನು ನಮಗೆ ಬಿಟ್ಟುಕೊಟ್ಟಿದ್ದರು. ಅದು ಅವರ ದೊಡ್ಡ ಮನಸ್ಸು ಎಂದು ನಾವೂ ತಿಳಿದಿದ್ದೆವು.

ಕೆಲಸ ಇಷ್ಟೇ. ಒಂದು ಆಕ್ಸೈಡಿನ ಪುಡಿಯನ್ನು ಒತ್ತಿ, ಪೆಪ್ಪರಮಿಂಟಿನಷ್ಟು ದೊಡ್ಡ ಕಪ್ಪು ಬಿಲ್ಲೆ ಮಾಡುವುದು. ಅದನ್ನು ಫರ್ನೇಸಿನಲ್ಲಿಟ್ಟು ಕಾಸುವುದು. ತಣ್ಣಗಿರುವಾಗ ಆ ಬಿಲ್ಲೆ ತನ್ನೊಳಗೆ ಕರೆಂಟು ಹರಿಯಗೊಡುವುದಿಲ್ಲ. ಕಾಯುತ್ತ ಹೋದಾಗ ಒಂದು ಉಷ್ಣತೆಯಲ್ಲಿ ಇದ್ದಕ್ಕಿದ್ದಂತೆ ದಾರಿ ಬಿಡುತ್ತದೆ. ಆ ಉಷ್ಣತೆ ಎಷ್ಟು ಎಂದು ಗೆರೆ ಎಳೆದು ತೋರಿಸಬೇಕು. ನಮ್ಮ ಗೈಡ್ ಸರ್ ತಮ್ಮ ಹರೆಯದಲ್ಲಿ ಅದನ್ನು ಅಳೆದು ಪ್ರಕಟಿಸಿದ್ದರು. ನಮ್ಮಲ್ಲಿ ಆ ಸಂಖ್ಯೆಗೆ ಮನೆದೇವರ ಮರ್ಯಾದೆ ಇತ್ತು.

ಹುಡುಗರು ಸಂಜೆ ಬಿಲ್ಲೆ ಇಟ್ಟು ಕಂಪ್ಯೂಟರ್ ಚಾಲೂ ಮಾಡುತ್ತಿದ್ದರು. ಫರ್ನೇಸು ಇಡೀ ರಾತ್ರಿ ಮೆಲ್ಲಗೆ ಕಾಯುತ್ತಿತ್ತು. ಹುಡುಗರು ಕಪಾಟಿನ ಹಿಂದೆ ಚಾಪೆ ಹಾಸಿ ಮಲಗುತ್ತಿದ್ದರು. ತುದಿಯ ಉಷ್ಣತೆ ಮುಟ್ಟಿದ ಕೂಡಲೇ ಕಂಪ್ಯೂಟರ್ ಫೈಲು ಮುಚ್ಚಿ ಫರ್ನೇಸು ಆರಿಸುತ್ತಿತ್ತು. ಆಮೇಲೆ ಬಿಲ್ಲೆ ತಣಿಯುವಾಗ ಏನು ಮಾಡುತ್ತಿತ್ತೋ, ಯಾರೂ ನೋಡುತ್ತಿರಲಿಲ್ಲ. ಮುಗಿದ ಕೆಲಸವನ್ನು ನೋಡುತ್ತ ಕೂಡುವವರು ಯಾರು?

ನಮಗೆ ಇನ್ನೊಂದು ನಿಯಮವಿತ್ತು. ಕಾದ ಫರ್ನೇಸನ್ನು ಒಂಟಿಯಾಗಿ ಬಿಟ್ಟು ಹೋಗಬಾರದು. ಹಿಂದೆ ಯಾವಾಗಲೋ ಏನೋ ಸುಟ್ಟಿತ್ತಂತೆ. ಸುಟ್ಟದ್ದು ಮೇಜೆಂದು ಕೆಲವರು, ಕಿಟಕಿಯ ಪರದೆಯೆಂದು ಕೆಲವರು ಹೇಳುತ್ತಿದ್ದರು. ಕಣ್ಣಾರೆ ಕಂಡವರು ನನಗೆ ಸಿಕ್ಕಿಲ್ಲ. ನಿಯಮ ಗಂಡಸರಿಗೂ ಇತ್ತು, ಆದರೆ ಪಕ್ಕದಲ್ಲಿ ಮಲಗಿದರೂ ಕಾವಲು ಇದ್ದಂತೆಯೇ ಲೆಕ್ಕ. ನಾವು ಮಾತ್ರ ಮಧ್ಯಾಹ್ನವೇ ಫರ್ನೇಸು ಆರಿಸಿ, ಅದು ತಣಿಯುವವರೆಗೆ ಎದುರಿಗೆ ಕೂತು, ಆಮೇಲೆ ಮನೆಗೆ ಹೋಗಬೇಕಾಗಿತ್ತು.

ಹಾಗೆ ಕೂತವಳು ನನಗಿಂತ ಹಿರಿಯಳಾದ ಸಂಶೋಧಕಿ. ನಾನು ಅವಳನ್ನು ಅಕ್ಕಾ ಎನ್ನುತ್ತಿದ್ದೆ. ಅವಳದು ಪ್ರಯೋಗಾಲಯವಿದ್ದ ಊರಿನದೇ, ಮಾಳಮಡ್ಡಿ ಓಣಿಯ ಮನೆತನ. ತಂದೆ, ಅಜ್ಜ ಎಲ್ಲ ಸಾಲಿ ಮಾಸ್ತರರು. ಅವಳಿಗೆ ಮದುವೆಯಾಗಿತ್ತು, ಸಾಲಿಗೆ ಹೋಗುವ ಮಗನಿದ್ದ.

"ಸುಮ್ಮನ ಕೂತು ಏನ ಮಾಡೂದು? ಮೀಟರ್ ಹೆಂಗೂ ಚಾಲೂ ಅದ" ಎಂದು ಅವಳು ತಣಿಯುವಾಗಿನ ಅಂಕಿಗಳನ್ನೂ ಕೈಯಿಂದ ಬರೆದುಕೊಂಡು ಫೈಲಿಗೆ ಸೇರಿಸತೊಡಗಿದ್ದಳು.

ಇಳಿಯುವ ಗೆರೆ ಏರಿದ ದಾರಿಯಲ್ಲಿ ಬರಲಿಲ್ಲ. ಬಿಲ್ಲೆ ತಣಿಯುವಾಗ ತನ್ನ ಹಳೆಯ ಸ್ವಭಾವಕ್ಕೆ ಮರಳಲು ತಡಮಾಡುತ್ತಿತ್ತು. ಇನ್ನೂ ಕೆಳಗಿನ ಉಷ್ಣತೆಗೆ ಇಳಿದ ಮೇಲೆ ಮರಳುತ್ತಿತ್ತು. ಎರಡು ಗೆರೆಗಳ ನಡುವೆ ಓರೆಯಾಗಿ ನಿಂತ ಬಾದಾಮಿಯ ಆಕಾರದ ಜಾಗ ಉಳಿಯುತ್ತಿತ್ತು. ಅದು ಖರೆಯಾಗಿದ್ದರೆ, ಬಿಲ್ಲೆಗೆ ಒಂದೇ ಉಷ್ಣತೆಯಲ್ಲ, ಎರಡಿದ್ದವು. ಹುಡುಗರು ಅದಕ್ಕೆ ಲೇಡೀಸ್ ಲೂಪ್ ಎಂದು ಹೆಸರಿಟ್ಟರು. ಕೆಟ್ಟ ಮನಸ್ಸಿನಿಂದಲ್ಲ. ಹಗಲಿನ ಫೈಲುಗಳಲ್ಲಿ ಮಾತ್ರ ಅದು ಬರುತ್ತಿತ್ತು.

ನಾನು ಸೇರಿದ್ದು ಆಮೇಲೆ. ಸರ್ ಎಲ್ಲರನ್ನೂ ಊರಿನ ಇಲ್ಲವೇ ಓಣಿಯ ಹೆಸರಿನಿಂದ ಕರೆಯುತ್ತಿದ್ದರು. ಹಾಗಾಗಿ ಅಕ್ಕ ಮಾಳಮಡ್ಡಿಯಾಗಿದ್ದಳು, ನಾನು ಹುಬ್ಬಳ್ಳಿಯಾದೆ. ಹಳೇ ಹುಬ್ಬಳ್ಳಿಯಲ್ಲಿ ನಮ್ಮ ಅಬ್ಬಾನ ಮೋಟಾರ್‌ಸೈಕಲ್ ಗ್ಯಾರೇಜಿದೆ. ನನ್ನ ತಲೆಯ ಮೇಲಿನ ಸ್ಕಾರ್ಫ್ ನೋಡಿ ಸರ್ ಮೊದಲು ನನಗೆ ಕಂಪ್ಯೂಟರ್ ಲೆಕ್ಕದ ಕೆಲಸ ಕೊಟ್ಟರು. ಫರ್ನೇಸಿನ ಹತ್ತಿರ ಬಟ್ಟೆ ಜೋಲಾಡಬಾರದು ಎಂದರು. ನಾನು ಸ್ಕಾರ್ಫಿನ ಅಂಚನ್ನು ಕೋಟಿನೊಳಗೆ ಪಿನ್ನು ಹಾಕಿ ತೋರಿಸಿದೆ. "ಹಾಂ, ಹಿಂಗಾದ್ರ ನಡೀತೈತಿ" ಎಂದರು. ಆ ಎರಡರ ನಡುವೆ ಒಂದು ವಾರ ಹೋಯಿತೆಂದು ಇಷ್ಟು ದಿನ ಹೇಳಿಕೊಂಡು ಬಂದಿದ್ದೇನೆ. ಅದು ಒಂದು ಸೆಮಿಸ್ಟರ್ ಇದ್ದಿರಬೇಕು, ಯಾಕೆಂದರೆ ಆ ಲೆಕ್ಕದ ಕೆಲಸ ಮುಗಿದಿತ್ತು.

ಪ್ರಯೋಗಾಲಯದ ಹತ್ತಿರ ಒಂದು ಖೋಲಿ ಹಿಡಿಯಲು ಅಕ್ಕನ ಜೊತೆ ತಿರುಗಿದೆ. ಬಾಡಿಗೆಗಿದೆ ಎಂಬ ಬೋರ್ಡುಗಳು ಬೇಕಾದಷ್ಟು ಇದ್ದವು. ಒಂದು ಮನೆಯಲ್ಲಿ ಮನೆಯೊಡತಿ ಚಹಾ ಕೂಡ ಕೊಟ್ಟಳು. ನನ್ನ ಹೆಸರು ಕೇಳಿದ ಮೇಲೆ ಅಕ್ಕನ ಕಡೆ ತಿರುಗಿ, "ಹುಡಿಗಿ ಭಾಳ ಛಲೋ ಕಾಣ್ತಾಳರಿ. ನಮಗೇನೂ ಇಲ್ಲ. ಓಣ್ಯಾಗಿನ ಮಂದಿ ಕೇಳ್ತಾರ" ಎಂದಳು.

"ಓಣ್ಯಾಗಿನ ಮಂದಿ ಭೌತಶಾಸ್ತ್ರ ಕೇಳಿದ್ರ ಈಕೀ ಹೇಳ್ತಾಳರಿ" ಎಂದಳು ಅಕ್ಕ.

ಮನೆಯೊಡತಿ ನಕ್ಕಳು. ನಾವೂ ನಕ್ಕೆವು. ಇದನ್ನು ಹೇಳುವಾಗೆಲ್ಲ ಆ ಮನೆಯೊಡತಿಯ ಮುಖ ನನಗೆ ಬೇರೆ ಬೇರೆಯಾಗಿ ಕಾಣುತ್ತದೆ. ಬಹುಶಃ ಅವರು ಇಬ್ಬರೋ ಮೂವರೋ ಇದ್ದರು. ಮಾತು ಒಂದೇ ಆಗಿದ್ದರಿಂದ ನೆನಪು ಎಲ್ಲರನ್ನೂ ಒಬ್ಬಳಲ್ಲಿ ತುಂಬಿರಬೇಕು.

ಹೀಗೆ ನಾನು ದಿನಾ ಬಸ್ಸಿನಲ್ಲಿ ಹೋಗಿ ಬರುವವಳಾದೆ. ಹುಬ್ಬಳ್ಳಿಯಲ್ಲಿ ಇಳಿದು ಇನ್ನೊಂದು ಬಸ್ಸು ಹಿಡಿಯಬೇಕು, ಕತ್ತಲಾಗುವ ಮೊದಲು ಮನೆ ಸೇರಬೇಕು. ಆದ್ದರಿಂದ ಅಕ್ಕನಿಗಿಂತ ಬಹಳ ಮೊದಲೇ ನಾನು ಫರ್ನೇಸು ಆರಿಸುತ್ತಿದ್ದೆ. ನನ್ನ ಬಿಲ್ಲೆ ಅಕ್ಕನ ಬಿಲ್ಲೆಯಷ್ಟು ಕಾಯುತ್ತಲೇ ಇರಲಿಲ್ಲ. ಸ್ವಭಾವ ಬದಲಿಸುವ ಕೆಲಸ ಅರ್ಧದಲ್ಲಿರುವಾಗಲೇ ತಣಿಯತೊಡಗುತ್ತಿತ್ತು. ನನಗೂ ಒಂದು ಬಾದಾಮಿ ಬಂತು. ಸಣ್ಣದು. ಅಕ್ಕನದರ ಒಳಗೆ ಸರಿಯಾಗಿ ಕೂಡುವಂಥದು.

ಅಕ್ಕ ಥೀಸಿಸ್ ಸಲ್ಲಿಸುವ ಕೊನೆಯ ಗಡುವು ಹತ್ತಿರ ಬಂತು. ಅದು ದಾಟಿದರೆ ಅವಳ ನೋಂದಣಿಯೇ ರದ್ದು. ಥೀಸಿಸ್ಸಿನ ಮೂರನೆಯ ಅಧ್ಯಾಯ ಪೂರ್ತಿ ಇಳಿಯುವ ಗೆರೆಯ ಮೇಲಿತ್ತು. ಸರ್ ಅದನ್ನು ತೆಗೆ ಎಂದರು.

"ಇದು ಲ್ಯಾಗ್ ಅವಾ ಮಾಳಮಡ್ಡಿ. ನೀವು ಗಡಬಡಿಸಿ ಕಾಸ್ತೀರಿ, ಗಡಬಡಿಸಿ ಆರಸ್ತೀರಿ. ಥರ್ಮಾಮೀಟರ್ ಮುಂದ ಓಡತೈತಿ, ಬಿಲ್ಲಿ ಹಿಂದ ಕುಂಟಕೋತ ಬರತೈತಿ. ಏರೂ ಮುಂದ ಒಂದೀಟು ಅಂತರ, ಇಳಿಯೂ ಮುಂದ ಒಂದೀಟು ಅಂತರ. ಲೂಪ್ ಬರದ ಏನ ಮಾಡೀತು?"

ಇದು ಒಳ್ಳೆಯ ಆಕ್ಷೇಪಣೆ. ಅವರ ಜಾಗದಲ್ಲಿ ನಾನಿದ್ದರೂ ಇದನ್ನೇ ಹೇಳುತ್ತಿದ್ದೆ.

"ಹಂಗಾದ್ರ ಸಾವಕಾಶ ಕಾಸಿ ನೋಡ್ತೀನ್ರಿ ಸರ್" ಎಂದಳು ಅಕ್ಕ.

"ನೋಡು."

"ಸಾವಕಾಶ ಕಾಸಿದ್ರ ಸಂಜಿ ಆರು ದಾಟ್ತದರಿ."

"ಹಂಗಾರ ಬ್ಯಾಡ."

ಸರ್ ನಿಯಮವನ್ನು ಮುರಿಯುವವರಲ್ಲ. ನಿಯಮ ಅವರದೂ ಅಲ್ಲ, ಕಟ್ಟಡದ್ದು. "ಅಧ್ಯಾಯ ತಗದ್ರ ಥೀಸಿಸ್ ಸಣ್ಣದಾಗತೈತಿ, ಆಗ್ಲಿ. ಏರೋ ಗೆರಿ ಐತೆಲ್ಲ, ಅಷ್ಟ ಸಾಕು. ಡಿಗ್ರಿ ಬರತೈತಿ" ಎಂದರು.

"ಅಂದ್ರ ಇಷ್ಟ ವರ್ಷ ಕೂತು ನಿಮ್ಮ ನಂಬರ್ ಖರೇ ಅಂತ ಹೇಳಿದ್ಹಂಗ ಆತರಿ."

"ಅದೂ ಒಂದು ಕೆಲಸಾನ ಅಲ್ಲೇನು?"

ಆಗ ಹೊಸದಾಗಿ ಸೇರಿದ್ದ ಬೈಲಹೊಂಗಲದ ಹುಡುಗನೊಬ್ಬ ಸಹಾಯಕ್ಕೆ ಬಂದ. ತನ್ನ ರಾತ್ರಿಯ ಪಾಳಿಯಲ್ಲಿ ಅಕ್ಕನ ಬಿಲ್ಲೆಯನ್ನು ನಿಧಾನವಾಗಿ ಕಾಸಿ, ನಿಧಾನವಾಗಿ ತಣಿಸಿ, ಎರಡೂ ಗೆರೆ ತೆಗೆದುಕೊಡುವುದಾಗಿ ಹೇಳಿದ. "ಅಕ್ಕಾರ, ಚಿಂತಿ ಬಿಡ್ರಿ. ನಾ ಕುಂತು ತಗೀತೀನಿ" ಎಂದ. ಮರುದಿನ ಬೆಳಿಗ್ಗೆ ನಾವು ಬಂದಾಗ ಬಾಗಿಲಲ್ಲೇ ನಿಂತಿದ್ದ.

"ಏರೂದು ಮಸ್ತ್ ಬಂದೈತ್ರಿ ಅಕ್ಕಾರ."

"ಇಳಿಯೂದೋ?"

ಅವನು ಸ್ವಲ್ಪ ಯೋಚಿಸಿದ. "ಇಳದೈತ್ರಿ. ಮುಂಜಾನಿ ಮುಟ್ಟಿ ನೋಡೀನಿ. ತಣ್ಣಗ ಆಗಿತ್ತು."

ನಿದ್ದೆ ಹತ್ತಿತ್ತು ಅವನಿಗೆ. ಎದ್ದಿದ್ದರೂ ಕಂಪ್ಯೂಟರ್ ತುದಿಯಲ್ಲಿ ಫೈಲು ಮುಚ್ಚುತ್ತಿತ್ತು. ಆ ಪ್ರೋಗ್ರಾಮು ವಿದೇಶದ ಯಾವುದೋ ಪ್ರಯೋಗಾಲಯದಿಂದ ಬಂದದ್ದು, ಅದನ್ನು ತಿದ್ದುವುದು ಹೇಗೆಂದು ಗೊತ್ತಿದ್ದ ಹುಡುಗ ಡಿಗ್ರಿ ಮುಗಿಸಿ ಹೋಗಿದ್ದ. ಹೇಗೂ ಕೈಯಿಂದ ಬರೆದುಕೊಳ್ಳುತ್ತಿದ್ದವರು ನಾವು ಮಾತ್ರ. ಬೈಲಹೊಂಗಲನ ಮುಂದಿನ ರಾತ್ರಿ ಪಾಳಿ ಬರುವಷ್ಟರಲ್ಲಿ ಅಕ್ಕನ ಗಡುವು ಮುಗಿದಿರುತ್ತಿತ್ತು.

ಸರ್ ಅವನ ಫೈಲನ್ನು ತೆರೆದು ನೋಡಿದರು. "ನೋಡ್ರಿ. ಸಾವಕಾಶ ಕಾಸ್ಯಾನ. ಲೂಪ್ ಇಲ್ಲ."

"ಇಳಿಯೂದನ್ನ ತಗದ ಇಲ್ಲರಿ ಅವ" ಎಂದಳು ಅಕ್ಕ.

"ತಗದಿಲ್ಲ ಅಂದ್ರ ಇಲ್ಲ ಅಂತನ ಅಲ್ಲೇನವಾ?"

ಸರ್ ಇದನ್ನು ತಮಾಷೆಗೆ ಹೇಳಿದರೆಂದು ಅಕ್ಕನ ಅಭಿಪ್ರಾಯ. ನನಗೆ ಹಾಗೆ ಕೇಳಿಸಿರಲಿಲ್ಲ. ಈಗ ಇಬ್ಬರೂ ಖಚಿತವಾಗಿ ಹೇಳುವ ಸ್ಥಿತಿಯಲ್ಲಿಲ್ಲ. ಅಕ್ಕ ಆ ಮಧ್ಯಾಹ್ನ ಮೂರನೆಯ ಅಧ್ಯಾಯವನ್ನು ಬೇರೆ ಫೋಲ್ಡರಿಗೆ ಹಾಕಿದಳು. ಅಳಿಸಲಿಲ್ಲ.

ಅದೇ ವಾರ ಹುಬ್ಬಳ್ಳಿಯಲ್ಲಿ ಗಲಾಟೆಯಾಯಿತು. ಯಾರದೋ ಮೊಬೈಲಿನಲ್ಲಿ ಏನೋ ಬಂದಿತ್ತು. ಅದೇನು ಎಂದು ನಾನು ಆಗ ನೋಡಲಿಲ್ಲ, ಆಮೇಲೂ ನೋಡಿಲ್ಲ. ಅವತ್ತು ಫರ್ನೇಸಿನಲ್ಲಿ ನನ್ನ ಬಿಲ್ಲೆ ಇತ್ತು. ಊಟಕ್ಕೂ ಮೊದಲೇ ಅಬ್ಬಾನ ಫೋನು ಬಂತು: ಅಂಗಡಿಗಳು ಮುಚ್ಚುತ್ತಿವೆ, ಬಸ್ಸು ಬೇಡ, ಅಣ್ಣ ಗಾಡಿ ತರುತ್ತಾನೆ, ಬೇಗ ಬಾ ಎಂದು.

"ಜಲ್ದಿ ಆಜಾ ಬೇಟಾ. ಇಧರ್ ದುಕಾನಾಂ ಬಂದ್ ಹೋರೇ. ಬಸ್ ಮೇ ನಕೋ. ಭಾಯ್ ಆತಾ ಗಾಡಿ ಲೇಕೆ."

ಬಿಲ್ಲೆ ಇನ್ನೂ ಬೆಚ್ಚಗಾಗಿತ್ತಷ್ಟೇ. ಅದು ಸ್ವಭಾವ ಬದಲಿಸುವ ಉಷ್ಣತೆ ಬಹಳ ದೂರವಿತ್ತು. ನಾನು ಫರ್ನೇಸು ಆರಿಸಿದೆ. ಆದರೆ ತಣಿಯದೆ ಹೋಗುವಂತಿಲ್ಲ, ಅಣ್ಣ ಹುಬ್ಬಳ್ಳಿಯಿಂದ ಸುತ್ತುಬಳಸಿ ಬರುವುದಕ್ಕೂ ಹೊತ್ತು ಬೇಕು. ಕೂತು, ಅಕ್ಕನ ಅಭ್ಯಾಸದಂತೆ, ಇಳಿಯುವ ಅಂಕಿಗಳನ್ನು ಬರೆದೆ. ನಡುನಡುವೆ ಮೊಬೈಲು ನೋಡುತ್ತಿದ್ದೆ. ಅಣ್ಣ ಬಂದ. ಹೆಲ್ಮೆಟ್ಟಿನ ಕೆಳಗೆ ಸ್ಕಾರ್ಫ್ ಕಾಣದಂತೆ ಸಿಕ್ಕಿಸಿಕೋ ಎಂದ. ಬಂದ ಸುತ್ತುದಾರಿಯಲ್ಲೇ ಮನೆ ಸೇರಿದೆವು. ಅಂದಿನ ಫೈಲಿಗೆ 'ಹಾಳು' ಎಂದು ಹೆಸರು ಕೊಟ್ಟಿದ್ದೆ.

ಊರು ತಣ್ಣಗಾಗಿ ನಾನು ಮತ್ತೆ ಬರುವಷ್ಟರಲ್ಲಿ ಅಕ್ಕ ಥೀಸಿಸ್ಸಿನ ಉಳಿದ ಅಧ್ಯಾಯಗಳನ್ನು ಪ್ರಿಂಟಿಗೆ ಕೊಡುವ ತಯಾರಿಯಲ್ಲಿದ್ದಳು. ಸುಮ್ಮನೆ, ಕೊನೆಯ ಸಲ ನೋಡೋಣವೆಂದು, ನಮ್ಮಿಬ್ಬರ ಎಲ್ಲ ಫೈಲುಗಳನ್ನೂ ಒಂದೇ ಪರದೆಯ ಮೇಲೆ ಎಳೆದಳು. ಅಕ್ಕನ ದೊಡ್ಡ ಬಾದಾಮಿ. ಅದರೊಳಗೆ ನನ್ನ ಸಣ್ಣ ಬಾದಾಮಿ. ಮತ್ತೆ 'ಹಾಳು'. ಅದರಲ್ಲಿ ಏರುವ ಗೆರೆಯೂ ಇಳಿಯುವ ಗೆರೆಯೂ ಒಂದರ ಮೇಲೊಂದು ಕೂತು ಒಂದೇ ಗೆರೆಯಾಗಿದ್ದವು.

ಅದರ ಅರ್ಥವನ್ನು ಮೊದಲು ಹೇಳಿದವಳು ಯಾರು? ನಾನೆಂದು ಬರೆದರೆ ಈ ಕಥೆ ಚೆನ್ನಾಗಿರುತ್ತದೆ. ಅಕ್ಕನೆಂದು ಬರೆದರೆ ನಾನು ಒಳ್ಳೆಯವಳಾಗಿ ಕಾಣುತ್ತೇನೆ. ನನಗೆ ನೆನಪಿರುವುದು, ಅಕ್ಕ ಪ್ರಿಂಟಿನ ಅಂಗಡಿಗೆ ಫೋನು ಮಾಡಿ, "ಇವತ್ತ ಬ್ಯಾಡ್ರಿ" ಎಂದದ್ದು.

ಸರ್ ಮುಂದೆ ಮಾತಾಡಿದವಳು ಅಕ್ಕನೇ.

"ಸರ್, ಥರ್ಮಾಮೀಟರ್ ಮುಂದ ಓಡ್ತದ, ಬಿಲ್ಲಿ ಹಿಂದ ಬರ್ತದ ಅಂದ್ರೆಲ್ಲ. ಇದನ್ನ ನೋಡ್ರಿ. ಅದೇ ಫರ್ನೇಸು, ಅದೇ ಥರ್ಮಾಮೀಟರ್, ಅದೇ ಗಡಬಡಿ. ಬಿಲ್ಲಿ ಬದಲಾಗೂದಕ್ಕಿಂತ ಮದ್ಲ ವಾಪಸ್ ತಿರುಗೇದ. ಲ್ಯಾಗ್ ಇದ್ದಿದ್ರ ಇಲ್ಲೂ ಲೂಪ್ ಬರಬೇಕಿತ್ತಲ್ಲರಿ?"

ಸರ್ ಕನ್ನಡಕ ತೆಗೆದು ಪರದೆಯ ಹತ್ತಿರ ಬಗ್ಗಿದರು. ಆಮೇಲೆ ಕನ್ನಡಕ ಹಾಕಿಕೊಂಡು ಹಿಂದೆ ಸರಿದು ನೋಡಿದರು.

"ಇದನ್ನ ಯಾಕ ಅರ್ಧಕ್ಕ ನಿಲ್ಲಿಸೀದಿ ಹುಬ್ಬಳ್ಳಿ?"

"ಅವತ್ತ ಗಲಾಟಿ ಇತ್ತಲ್ಲರಿ ಸರ್."

"ಹೌದಲ್ಲ." ಅವರು ಇನ್ನೊಮ್ಮೆ ನೋಡಿದರು. "ಒಂದ ಸಲದ್ದು ಸಾಲೂದಿಲ್ಲ. ಇಂಥಾದ್ದು ಇನ್ನೂ ಬೇಕು."

"ಗಲಾಟಿನ್ರಿ?"

"ಅರ್ಧ ರನ್ ಅವಾ."

ಗಡುವಿಗೆ ಉಳಿದಿದ್ದ, ಗಲಾಟೆ ಇಲ್ಲದ ಕೆಲವು ದಿನಗಳಲ್ಲಿ, ಬೇಕೆಂದೇ ಮಧ್ಯಾಹ್ನಕ್ಕೆ ಮೊದಲು ಫರ್ನೇಸು ಆರಿಸಿ, ಅದೇ ಅಳತೆಯನ್ನು ಮತ್ತೆ ಮತ್ತೆ ತೆಗೆದೆ. ಗೆರೆಗಳು ಕೂಡಿಯೇ ಬಂದವು. ಸರ್ ಮೂರನೆಯ ಅಧ್ಯಾಯಕ್ಕೆ ಸಹಿ ಮಾಡಿದರು. "ನನ್ನ ನಂಬರ್ ತಪ್ಪಲ್ಲ, ಅರ್ಧ ಆಗಿತ್ತು ಅಂತ ಬರೀ" ಎಂದರು. ಅಕ್ಕ ಹಾಗೆಯೇ ಬರೆದಳು. ಅದು ನಿಜವೂ ಆಗಿತ್ತು.

ಮೌಖಿಕ ಪರೀಕ್ಷೆಗೆ ಬೇರೆ ಊರಿನ ಪರೀಕ್ಷಕರು ಬಂದರು. ಆ ಗೆರೆಗಳ ಚಿತ್ರವನ್ನು ಮೆಚ್ಚಿಕೊಂಡರು. ಆಮೇಲೆ ಕೇಳಿದರು: ಎಲ್ಲರೂ ಬಿಟ್ಟುಬಿಡುವ ತಣಿಯುವಾಗಿನ ಅಳತೆಯನ್ನು ನೀವು ಯಾಕೆ ತೆಗೆದಿರಿ? ಮೂರು ಬೇರೆ ಬೇರೆ ಉಷ್ಣತೆಗಳಲ್ಲಿ ಕಾಸುವುದನ್ನು ನಿಲ್ಲಿಸಿ ಹಿಂದೆ ತಿರುಗಿಸಿದ್ದೀರಿ, ಆ ಉಷ್ಣತೆಗಳನ್ನು ಯಾವ ಆಧಾರದ ಮೇಲೆ ಆಯ್ದುಕೊಂಡಿರಿ?

ಇಂಥದ್ದಕ್ಕೆ ಹೇಳಬೇಕಾದ ಉತ್ತರವನ್ನು ಸರ್ ಮೊದಲೇ ಕಲಿಸಿದ್ದರು: ಬಿಲ್ಲೆಯ ಬದಲಾವಣೆ ಮರಳುತ್ತದೆಯೋ ಇಲ್ಲವೋ ಎಂದು ಪರೀಕ್ಷಿಸಲು. ಅಕ್ಕ ಅದನ್ನು ಹೇಳಲು ಬಾಯಿ ತೆರೆದದ್ದನ್ನು ನಾನು ಹಿಂದಿನ ಬೆಂಚಿನಿಂದ ನೋಡಿದೆ.

"ಮನಿಗೆ ಹೋಗಬೇಕಾಗಿತ್ತರಿ" ಎಂದಳು.

ಕೋಣೆಯಲ್ಲಿ ನಗು ಎದ್ದಿತು. ಪರೀಕ್ಷಕರೂ ನಕ್ಕರು. ನಕ್ಕು ಮುಗಿದ ಮೇಲೆ, ಕಾರಣ ಏನೇ ಇರಲಿ, ಥೀಸಿಸ್ಸಿನಲ್ಲಿ ಬರೆದಿರಬೇಕು, ಆಮೇಲೆ ಡಿಗ್ರಿ ಎಂದು ಷರತ್ತು ಹಾಕಿದರು. ಸಣ್ಣ ತಿದ್ದುಪಡಿ ಅಷ್ಟೇ.

ತಿದ್ದುಪಡಿಯನ್ನು ಅಕ್ಕ ಅದೇ ದಿನ ಬರೆದಳು. ಇಂಗ್ಲಿಷಿನಲ್ಲಿತ್ತು. ಕನ್ನಡದಲ್ಲಿ ಸುಮಾರು ಹೀಗಾಗುತ್ತದೆ: ಮಹಿಳೆಯರಿಗೆ ಸಂಜೆ ಆರರ ನಂತರ ಪ್ರಯೋಗಾಲಯದಲ್ಲಿ ಇರಲು ಅನುಮತಿ ಇಲ್ಲದ ಕಾರಣ ಮೊದಲನೆಯ ಅಳತೆಯನ್ನು ಈ ಉಷ್ಣತೆಯಲ್ಲಿ ತಿರುಗಿಸಲಾಯಿತು. ಎರಡನೆಯ ಸಂಶೋಧಕಿಗೆ ಆಕೆಯ ಧರ್ಮದ ಕಾರಣ ಊರಿನಲ್ಲಿ ಬಾಡಿಗೆ ಖೋಲಿ ಸಿಗದೆ ಬಸ್ಸಿಗೆ ಹೋಗಬೇಕಾಗಿದ್ದರಿಂದ ಇನ್ನೂ ಕೆಳಗಿನ ಉಷ್ಣತೆಯಲ್ಲಿ ತಿರುಗಿಸಲಾಯಿತು. ಮೂರನೆಯದನ್ನು ಆಕೆಯ ಊರಿನಲ್ಲಿ ಗಲಭೆಯಿದ್ದುದರಿಂದ ತಿರುಗಿಸಲಾಯಿತು.

ಸರ್ ಓದಿದರು. ಎರಡು ಸಲ ಓದಿದರೆಂದು ಕಾಣುತ್ತದೆ.

"ಇದು ಫಿಜಿಕ್ಸ್ ಏನವಾ?"

"ಆ ಉಷ್ಣತೆ ಎಲ್ಲಿಂದ ಬಂದ್ವು ಅಂತ ಅವರು ಕೇಳ್ಯಾರರಿ. ಅಲ್ಲಿಂದನ ಬಂದಾವ."

"ಇದು ಮ್ಯಾಲ ಹೋಗತೈತಿ. ನಿಯಮ ಯಾರ ಮಾಡ್ಯಾರೋ ಅವರೂ ಓದ್ತಾರ. ಒಂದು ಕಮಿಟಿ ಕೂಡ್ತೈತಿ. ಕಮಿಟಿ ಕೂಡೂದ್ರಾಗ ತಿದ್ದುಪಡಿ ಕೊಡೂ ಗಡುವು ಮುಗೀತೈತಿ. ಲೂಪೂ ಹೋತು, ಡಿಗ್ರಿನೂ ಹೋತು."

ಅವರು ಹೆದರಿಸಲು ಹೇಳಿದ್ದಲ್ಲ. ಅವರಿಗೆ ಕಮಿಟಿಗಳು ಗೊತ್ತಿದ್ದವು. ಅಕ್ಕ ನನ್ನ ಕಡೆ ನೋಡಿದಳು. ಎರಡನೆಯ ವಾಕ್ಯ ನನ್ನದಾಗಿತ್ತಲ್ಲ. ನಾನು ತಲೆಯಾಡಿಸಿದೆ. ಇರಲಿ ಎಂದೋ ಬಿಡು ಎಂದೋ, ನನ್ನ ತಲೆಯಾಟದ ಅರ್ಥ ನನಗೇ ಗೊತ್ತಿರಲಿಲ್ಲ. ಸರ್ ಪೆನ್ನು ತೆಗೆದು ಮೂರು ವಾಕ್ಯಗಳ ಮೇಲೆ ಅಡ್ಡಗೆರೆ ಎಳೆದು ಕೆಳಗೆ ಒಂದು ಬರೆದರು: ಪ್ರಯೋಗಾಲಯದ ಸಮಯಮಿತಿಯಿಂದಾಗಿ ಮಾದರಿಗಳನ್ನು ಬೇರೆ ಬೇರೆ ಉಷ್ಣತೆಗಳಿಂದ ತಣಿಸಲಾಯಿತು.

ಅಕ್ಕ ಸಹಿ ಹಾಕಿದಳು. ಹೊರಗೆ ಬಂದ ಮೇಲೆ ಮೆಟ್ಟಿಲ ಹತ್ತಿರ ನಿಂತು, "ಸುಳ್ಳೇನೂ ಇಲ್ಲವಾ ಅದರಾಗ. ಮಂದಿ ಇಲ್ಲ, ಅಷ್ಟ" ಎಂದಳು. ಮಗನ ಸಾಲಿ ಬಿಡುವ ಹೊತ್ತಾಗಿತ್ತು, ಹೋದಳು. ಡಿಗ್ರಿ ಬಂತು. ಲೂಪು ಅವಳ ಹೆಸರಿನಲ್ಲೇ ಉಳಿದಿದೆ.

ಈಗ ಹುಡುಗರೂ ತಣಿಯುವಾಗಿನ ಗೆರೆ ತೆಗೆಯುತ್ತಾರೆ. ಪ್ರೋಗ್ರಾಮು ಬದಲಾಗಿದೆ, ಮಲಗಿದರೂ ಅದೇ ಬರೆದುಕೊಳ್ಳುತ್ತದೆ. ಆರು ಗಂಟೆಯ ನಿಯಮ ಹಾಗೆಯೇ ಇದೆ. ಕಳೆದ ತಿಂಗಳು ಹೊಸ ಹುಡುಗನೊಬ್ಬ ಅಕ್ಕನ ಥೀಸಿಸ್ ಹಿಡಿದು ನನ್ನ ಹತ್ತಿರ ಬಂದ.

"ಮೇಡಂ, ಸಮಯಮಿತಿ ಅಂತ ಬರದಾರಲ್ಲರಿ, ಯಾವ ಮಿತಿ ಅದು? ನಮ್ಮ ಲ್ಯಾಬ್ ರಾತ್ರಿಯೆಲ್ಲಾ ತಗದ ಇರತೈತಲ್ಲ."

ನಾನು ಹೇಳಿದೆ. ಆರು ಗಂಟೆ, ಖೋಲಿ, ಗಲಾಟೆ, ಮೂರನ್ನೂ. ಅವನು ಗಮನವಿಟ್ಟು ಕೇಳಿದ. ಕೆಟ್ಟ ಹುಡುಗನಲ್ಲ.

"ಹಂಗೇನ್ರಿ" ಎಂದ. ಆಮೇಲೆ, "ಆದ್ರ ನನಗ ಹಂಗೇನೂ ಇಲ್ಲಲ್ಲರಿ. ನಾ ಎಷ್ಟಕ್ಕ ತಿರುಗಸ್ಲಿ?" ಎಂದು ಕೇಳಿದ.

ಅಕ್ಕ ದಿನಾ ಮನೆಗೆ ಹೋಗಲು ಫರ್ನೇಸು ಆರಿಸುತ್ತಿದ್ದ ಉಷ್ಣತೆಯನ್ನು ಹೇಳಿದೆ. ಅವನು ಬರೆದುಕೊಂಡ.